ಹುಳಮನೆ ಬಾಗಿಲಲ್ಲಿ ನನ್ನ ಪೋರ್ಚುಗೀಸು

ತಪ್ಪು ನನ್ನದೇ, ಮೊದಲೇ ಹೇಳಿಬಿಡುತ್ತೇನೆ. ನಮ್ಮ ಸೋದರತ್ತೆಯ ರೇಷ್ಮೆಹುಳು ಸತ್ತದ್ದು ರೋಗದಿಂದಲ್ಲ, ನನ್ನ ನಾಲಿಗೆಯ ಶೋಕಿಯಿಂದ. ಒಂದು ಪದ ಬಾಯಿಗೆ ರುಚಿಯಾಗಿತ್ತು, ಅದಕ್ಕೇ ಬಳಸಿದೆ.

ಯಾರ ದನಿಯನ್ನಾದರೂ ನಾನು ಎತ್ತಬಲ್ಲೆ. ಕಂಡಕ್ಟರದ್ದು, ಮೂಗಿನಲ್ಲಿ ಮಾತಾಡುವ ನಮ್ಮಪ್ಪನದ್ದು, ಸೆಗಣಿ ತುಳಿದ ಸಾಹೇಬರದ್ದು. ಪೋರ್ಚುಗೀಸನ್ನೂ ಹಾಗೇ ಕಲಿತೆ. ಬಿಡದಿಯ ಕಂಪನಿಯೊಂದರಲ್ಲಿ ಬ್ರೆಜಿಲ್ ಗಿರಾಕಿಗಳ ಫೋನ್ ಎತ್ತುವ ಕೆಲಸ; ಅವರ ರಾಗ ಮೊದಲು ಬಂತು, ಅರ್ಥ ಆಮೇಲೆ, ಅದೂ ಅರೆಬರೆ. ರಾಗ ಸರಿಯಿದ್ದರೆ ಜನ ಪಂಡಿತನೆಂದೇ ನಂಬುತ್ತಾರೆ. ಆ ಕೆಲಸ ಹೋದ ಮೇಲೆ ಕೃಷಿ, ಪರಿಸರದ ಬರಹಗಳನ್ನು ಇಂಗ್ಲಿಷಿನಿಂದ ಪೋರ್ಚುಗೀಸಿಗೆ ತಿರುಗಿಸಲು ಕೂತೆ. ರಾಗಿ ಹೊಲದಲ್ಲಿ ಪೈರು ಯಾವುದು, ಕಳೆ ಯಾವುದು ಅಂತ ಗೊತ್ತಿಲ್ಲದವನು ಮಣ್ಣಿನ ಸವಕಳಿ ಬಗ್ಗೆ ಇನ್ನೊಂದು ಖಂಡಕ್ಕೆ ಬುದ್ಧಿ ಹೇಳುತ್ತಿದ್ದೆ.

ಇಂಗ್ಲಿಷಿನ ಪೆಸ್ಟಿಸೈಡಿಗೆ ಬ್ರೆಜಿಲ್‌ನವರಲ್ಲಿ ಎರಡು ಮಾತಿವೆ. ‘ಅಗ್ರೋಟೊಕ್ಸಿಕು’ ಅಂದರೆ ಹೊಲದ ವಿಷ, ಮುಖಕ್ಕೆ ಹೊಡೆದಂತೆ. ‘ದೆಫೆನ್ಸೀವು ಅಗ್ರೀಕೊಲ’ ಅಂದರೆ ಬೆಳೆ ಕಾಯುವುದು. ಮಾರುವವರಿಗೆ ಎರಡನೆಯದು ಇಷ್ಟ, ನನಗೂ. ನಾವೇನು ಕಡಿಮೆಯೇ? ಹುಳ ಸಾಯಲೆಂದು ಹೊಡೆಯುವುದನ್ನು ಔಷಧಿ ಅನ್ನುವ ಜನ.

ಕೈಲಾಂಚದ ಕಡೆ ಇರುವ ಅತ್ತೆ, ಮಾವ ತೀರಿದ ಮೇಲೆ ಮೈದುನನಿಂದ ಬೇರೆಯಾಗಿ, ಶೀಟಿನದೊಂದು ಹುಳಮನೆ ಕಟ್ಟಿಕೊಂಡಿದ್ದಳು. “ಹೆಂಗ್ಸು ಒಬ್ಳೇ ಹುಳ ಸಾಕಕಾಯ್ತದಾ?” ಎಂದು ಆ ಮೈದುನ ಡೈರಿ ಮುಂದೆ ಎಲ್ಲರೆದುರು ಕೇಳಿದ್ದ.

“ರಾಮನಗ್ರದ ಗೂಡು ಮಾರ್ಕೆಟ್ಟಲ್ಲಿ ನೋಡೀವಂತೆ ಬಾ” ಅಂದಿದ್ದಳು ಅತ್ತೆ.

ಅದೇ ಅವಳ ಮೊದಲ ಬೆಳೆ. ಹುಳ ಕಡೆಯ ಹಂತ ಮುಟ್ಟಿದ್ದವು. ಇನ್ನೇನು ಹಣ್ಣಾಗಿ, ಚಂದ್ರಿಕೆ ಎಂಬ ಬಿದಿರಿನ ತಟ್ಟಿಗೆ ಬಿಟ್ಟರೆ ಗೂಡು ಕಟ್ಟುತ್ತಿದ್ದವು. ಆಗ ನಾನು, ಜಂಬ ತಡೆಯದೆ, ಪ್ರವಾಸ ಬಂದಿದ್ದ, ನಾನೇ ದುಭಾಷಿಯಾಗಿದ್ದ, ಕೃಷಿ ಓದುವ ಬ್ರೆಜಿಲ್ ಹುಡುಗ ಹುಡುಗಿಯರನ್ನು ವ್ಯಾನಿನಲ್ಲಿ ಅಲ್ಲಿಗೆ ಕರೆದೊಯ್ದೆ.

ಅತ್ತೆ ಹೊಸಿಲಿಗೆ ಅಡ್ಡ ನಿಂತಳು. “ಲೇ, ಔಷ್ದಿ ಗಿವ್ಷ್ದಿ ಮುಟ್ಟವ್ರಾ ಕೇಳ್ಲಾ. ಆ ಕೈ ಸೊಪ್ಪಿಗೆ ತಾಕುದ್ರೂ ಉಳ ಸಾಯ್ತವೆ.”

“ಓಟ್ಲಿಂದ ಸೀದಾ ಬಂದವ್ರೆ ಅತ್ತೆ.”

“ನೀನ್ ಏಳ್ಬ್ಯಾಡ. ಅವ್ರನ್ನ ಕೇಳು.”

ಸೊಂಟದ ಮೇಲೆ ಕೈಯಿಟ್ಟು, ಅವಳದೇ ದನಿಯಲ್ಲಿ, ಪೋರ್ಚುಗೀಸಿನಲ್ಲಿ ಕೇಳಿದೆ: ದೆಫೆನ್ಸೀವು ಅಗ್ರೀಕೊಲ ಮುಟ್ಟಿದ್ದೀರಾ? ಎಲ್ಲರೂ ಬಿದ್ದುಬಿದ್ದು ನಕ್ಕರು. ಅತ್ತೆಯೂ ನಕ್ಕಳು. ಹುಡುಗರು ಇಲ್ಲ ಅಂದರು, ಸುಳ್ಳಲ್ಲ. ಅವರು ಯಾವ ಬೆಳೆಯನ್ನೂ ಕಾದಿರಲಿಲ್ಲ. ಸೊಳ್ಳೆಗೆ ಹೆದರಿ ಕೈಗೆಲ್ಲ ಸ್ಪ್ರೇ ಹೊಡೆದುಕೊಂಡಿದ್ದರು, ಅಷ್ಟೇ. ಆ ನಿಂಬೆ ವಾಸನೆ ವ್ಯಾನಿನಲ್ಲೇ ನನ್ನ ಮೂಗಿಗೆ ಬಂದಿತ್ತು. ಉಪ್ಪಿನಕಾಯಿ ಜಾಡಿಯಲ್ಲಿ ಕೂತ ಹಾಗಿದೆ ಎಂದು ಗೇಲಿಯನ್ನೂ ಮಾಡಿದ್ದೆ. ವಿಷ ಅಂದಿದ್ದರೆ ಒಬ್ಬರಾದರೂ ತಮ್ಮ ಕೈ ಮೂಸಿ ನೋಡಿಕೊಳ್ಳುತ್ತಿದ್ದರು.

ಅತ್ತೆ ಎಲ್ಲರ ಕಾಲು ತೊಳೆಸಿ ಒಳಗೆ ಬಿಟ್ಟಳು. ಬಂದವರು ಹುಳಕ್ಕೆ ಒಂದು ಹಿಡಿ ಸೊಪ್ಪು ಹಾಕದೆ ಹೋಗಬಾರದು ಎಂಬುದು ಅವಳ ಶಾಸ್ತ್ರ. ಎಲ್ಲರೂ ಆ ನಿಂಬೆ ವಾಸನೆಯ ಕೈಯಲ್ಲೇ ಹಾಕಿದರು, ಹುಳದ ಅಟ್ಟಣೆಯ ಉದ್ದಕ್ಕೂ, ಫೋಟೋ ತೆಗೆಸಿಕೊಳ್ಳುತ್ತಾ.

ಮರುದಿನ ನಾನು ಹೋದಾಗ ಹುಳ ತಲೆ ಎತ್ತಿ ತೂಗುತ್ತಾ, ಹಸಿರು ನೀರು ಕಾರಿಕೊಂಡು ಬೀಳುತ್ತಿದ್ದವು. ಮೈದುನ ಬಂದು ಕಿಟಕಿಯಲ್ಲಿ ಇಣುಕಿ, ಏನೂ ಅನ್ನದೆ ಹೋದ. ಅಂದಿದ್ದರೆ ಅತ್ತೆಗೆ ಜಗಳಕ್ಕಾದರೂ ಒಬ್ಬ ಸಿಗುತ್ತಿದ್ದ.

ಅವಳು ಪೊರಕೆ ಹಿಡಿದು, ಹುಳವನ್ನು ಮಂಕರಿಗೆ ಬಾಚುತ್ತಿದ್ದಳು. ನಾನು ಆ ಎರಡು ಪದಗಳ ವ್ಯತ್ಯಾಸ ಬಿಡಿಸಿ ಹೇಳಿದೆ. ಇಂಗ್ಲಿಷಿನಲ್ಲಿ ಹೀಗೆ, ಪೋರ್ಚುಗೀಸಿನಲ್ಲಿ ಹಾಗೆ. ಅವಳು ಮುಂದಿನ ಸಾಲಿಗೆ ಪೊರಕೆ ಹಾಕಿದಳು. ಹೇಗಾದರೂ ನಗಿಸೋಣವೆಂದು ಅವಳದೇ ದನಿ ಎತ್ತಿದೆ: “ಓಗ್ಲಿ ಬುಡ್ಲಾ, ಉಳುಕ್ಕೆ ಆಯಸ್ಸೇ ಅಷ್ಟಿತ್ತು.”

ಪೊರಕೆ ನಿಂತಿತು.

“ನನ್ ದನಿ ಚೆಂದಾಗ್ ಎತ್ತೀಯೆ ಕಣ್ಲಾ. ಆಚಿಕ್ಕೋಗಿ ಅದೇ ದನೀಲಿ ನಿನ್ನ ನೀನೇ ಬೈಕೋ. ನಂಗೆ ಉಳ ಬಾಚೋ ಕೆಲ್ಸ ಐತೆ.”