ನಾಲ್ಕನೇ ಖಾನೆಯಲ್ಲಿ ಬರೆದದ್ದು

ಮೂರು ವರ್ಷದ ಹಿಂದೆ ಇದೇ ಜಾಗದಲ್ಲಿ ನಾನು ಒಬ್ಬ ಜಾಣನ ಬಗ್ಗೆ ಬರೆದಿದ್ದೆ. ಐವತ್ತಕ್ಕೇ ಸರ್ಕಾರಿ ನೌಕರಿಗೆ ಕೈಮುಗಿದು, ಕೂತು ಲೆಕ್ಕ ಹಾಕಿ, ಬರುವ ಒಂದೊಂದು ರೂಪಾಯಿಗೂ ಜಾಗ ತೋರಿಸಿ, ತೋಟ ಮಾಡಲು ಹೊರಟವನು. ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಇಲಕಲ್ಲಿನಿಂದ, ಬಾದಾಮಿಯಿಂದ ಪತ್ರ ಬರೆದು 'ನಮಗೂ ಹಾಗೇ ಒಂದು ಲೆಕ್ಕ ಹಾಕಿಕೊಡಿ' ಎಂದು ಕೇಳಿದ್ದಿರಿ. ಹಾಕಿಯೂ ಕೊಟ್ಟಿದ್ದೆ. ಪುಕ್ಕಟೆ ಸಲಹೆ ಕೊಡುವುದರಲ್ಲಿ ನಾನು ಯಾವತ್ತೂ ಜಿಪುಣತನ ಮಾಡಿದವನಲ್ಲ.

ಆ ಜಾಣ ಹೋದ ಮಂಗಳವಾರ ಸತ್ತ. ವಯಸ್ಸು ಐವತ್ಮೂರು.

ಸಾಯುವಂಥ ರೋಗವೇನೂ ಅವನಿಗೆ ಇರಲಿಲ್ಲ. ಇವತ್ತು ಹೇಳಬೇಕಾಗಿರುವುದು ಅದನ್ನೇ.

ಹೆಸರು ಬೀರಪ್ಪ. ಹುನಗುಂದದ ಕಚೇರಿಯಲ್ಲಿ ನನ್ನ ಪಕ್ಕದ ಟೇಬಲ್ಲಿನ ಗುಮಾಸ್ತ. ಇಪ್ಪತ್ತೆರಡು ವರ್ಷ ಪಕ್ಕಪಕ್ಕ ಕೂತವರು ನಾವು. ಅವನ ಅಪ್ಪ ಕುರಿ ಕಾಯ್ದವರು. ಆ ಮನೆಯಲ್ಲಿ ಕೋಲು ಬಿಟ್ಟು ಪೆನ್ನು ಹಿಡಿದ ಮೊದಲಿಗ ಇವನು. ಹೆಂಡತಿ ಲಕ್ಕವ್ವ, ಒಬ್ಬಳು ಮಗಳು, ಬಾಗಲಕೋಟೆಯ ಹಳೇ ಓಣಿಯಲ್ಲಿ ಮಣ್ಣಿನ ಮಾಳಿಗೆಯ ಸ್ವಂತ ಮನೆ. ವಾರವೆಲ್ಲ ಹುನಗುಂದದ ಬಾಡಿಗೆ ಖೋಲಿಯಲ್ಲಿ ಕೈಯಾರೆ ರೊಟ್ಟಿ ತಟ್ಟಿಕೊಂಡು, ಶನಿವಾರ ಸಂಜೆಯ ಕೆಂಪು ಬಸ್ಸಿಗೆ ಊರಿಗೆ ಹೋಗುತ್ತಿದ್ದ. ಸೋಮವಾರ ಬರುವಾಗ ಅವನ ಜೋಲು ಮುಖ ನೋಡಬೇಕಿತ್ತು!

ಒಂದು ದಿನ ಹೇಳಿದ. "ಲೇ ಈರಣ್ಣ, ಇನ್ನೂ ಈ ಫೈಲ್ ಹೊತಗೊಂಡ ಕುಂತ್ರ ನನ್ನ ಕೈಯಾಗ ಸಸಿ ಹಿಡಿಯೂ ಶಕ್ತಿ ಉಳಿಯೂದಿಲ್ಲ. ಬಿಡ್ತೇನಿ."

ನಾನು ಕಚೇರಿಯ ಲೆಕ್ಕದ ಪಂಡಿತ. ಯಾರು ನಿವೃತ್ತಿಯಾದರೂ ಪಿಂಚಣಿ ಎಷ್ಟು, ಗ್ರ್ಯಾಚುಟಿ ಎಷ್ಟು ಎಂದು ಬಾಯಲ್ಲೇ ಹೇಳುವವನು. ಎದುರಿನ ಚಹಾದಂಗಡಿಯಲ್ಲಿ ಕೂತು, ಹಳೇ ಟೆಂಡರ್ ಫಾರ್ಮಿನ ಬೆನ್ನಿಗೆ ಗೆರೆ ಎಳೆದು ನಾಲ್ಕು ಖಾನೆ ಮಾಡಿದೆ. ಪಿ.ಎಫ್. ಹಣ ಮಗಳ ಮದುವೆಗೆ. ಗ್ರ್ಯಾಚುಟಿ, ಪಿಂಚಣಿಯ ಒಂದು ಪಾಲು ಮಾರಿಕೊಂಡರೆ ಬರುವ ಇಡಿಗಂಟು, ಉಳಿದ ರಜೆಯ ಸಂಬಳ, ಇಷ್ಟೂ ಕಲಾದಗಿಯ ಹತ್ತಿರ ಎರಡೆಕರೆ ಚಿಕ್ಕು ತೋಟಕ್ಕೆ. ಮಿಕ್ಕ ಪಿಂಚಣಿ ಊಟ ಬಟ್ಟೆಗೆ. ನಾಲ್ಕನೇ ಖಾನೆಯ ತಲೆಯ ಮೇಲೆ 'ಬ್ಯಾನಿ' ಎಂದು ಬರೆದು ಪೆನ್ನು ನಿಲ್ಲಿಸಿದೆ.

ಬೇನೆಗೆ ಏನು ಬರೆಯುವುದು? ನೌಕರಿಯಲ್ಲಿ ಇರುವತನಕ ದವಾಖಾನೆಯ ಬಿಲ್ಲು ಕೊಟ್ಟರೆ ಹಣ ಬರುತ್ತದೆ. ಬಿಟ್ಟ ಮರುದಿನದಿಂದ ನಮ್ಮ ಹೊಟ್ಟೆನೋವು ನಮ್ಮದು. ಪಕ್ಕದ ಬೆಂಚಿನಲ್ಲಿ ವಿಮೆಯ ಏಜೆಂಟನೊಬ್ಬ ಚಹಾ ಕುಡಿಯುತ್ತಿದ್ದ. ಕೇಳಿದೆವು. ಪಾಪ, ಸುಳ್ಳು ಹೇಳಲಿಲ್ಲ.

"ಸತ್ರ ಕೊಡ್ತಾರ್ರೀ. ಬ್ಯಾನಿ ಬಂದ್ರ ಕೊಡೂದು ನಮ್ಮ ಹಂತೇಕ ಇಲ್ರಿ."

"ಹಂಗಾರ ನೀರಿನ ರೊಕ್ಕ ಬರಿ," ಎಂದ ಬೀರಪ್ಪ.

ಬಾಗಲಕೋಟೆಯ ಆಚೆಯವರಿಗಾಗಿ ಒಂದು ಮಾತು ಹೇಳಬೇಕು. ಅಣೆಕಟ್ಟು ಮುಗಿದು ನೀರು ನಿಂತರೆ ಆ ಊರಿನ ಹಳೇ ಓಣಿಗಳೆಲ್ಲ ಮುಳುಗುತ್ತವೆ. ಬಂದು ಅಳತೆ ಮಾಡಿ, ಬಾಗಿಲ ಪಕ್ಕದ ಗೋಡೆಗೆ ಕರಿ ಬಣ್ಣದಲ್ಲಿ ನಂಬರು ಬರೆದು ಹೋಗಿದ್ದಾರೆ. ಮನೆಗೆ ಪರಿಹಾರ ಬರುತ್ತದೆ. ಯಾವಾಗ? ನೀರು ಬಂದಾಗ. ನೀರು ಯಾವಾಗ? ಅದನ್ನು ಬಲ್ಲವನು ಆ ಊರಿನಲ್ಲಿ ಇನ್ನೂ ಹುಟ್ಟಿಲ್ಲ. ಆದರೆ ಬರುತ್ತದೆ ಎಂಬ ಒಂದು ಮಾತಿನ ಮೇಲೆ ಊರಿಗೆ ಊರೇ ಕೂತಿದೆ. ಮಳೆಗಾಲದ ಮುಂಚೆ ಮಾಳಿಗೆಗೆ ಹೊಸ ಮಣ್ಣು ಹಾಕುವುದನ್ನು ಬಿಟ್ಟಿದ್ದಾರೆ. ಬಿರುಕು ಬಿಟ್ಟ ಗೋಡೆಗೆ ಕೈ ಹಚ್ಚುವುದಿಲ್ಲ. ಮುಳುಗುವ ಮನೆಗೆ ಯಾಕೆ ಖರ್ಚು?

ನಾನು ನಾಲ್ಕನೇ ಖಾನೆಯಲ್ಲಿ 'ಮುಳುಗಡೆ' ಎಂದು ಬರೆದೆ. ದುಂಡಗೆ, ಚಂದಾಗಿ. ಕೆಳಗೆ ಎರಡು ಗೆರೆ ಬೇರೆ ಎಳೆದೆ.

ಅದೇ ದಿನ ಇನ್ನೊಂದು ಮಾತೂ ಆಯಿತು. (ಇದನ್ನು ಆ ಅಂಕಣದಲ್ಲಿ ಬರೆದಿರಲಿಲ್ಲ. ಬರೆದಿದ್ದರೆ ನಿಮ್ಮಲ್ಲಿ ಯಾರಾದರೂ ನನಗೆ ಬೈದು ಪತ್ರ ಹಾಕುತ್ತಿದ್ದಿರೇನೋ.) ಬೀರಪ್ಪನ ಕೆಳಹೊಟ್ಟೆಯ ಬಲಗಡೆ ನಿಂಬೆಹಣ್ಣಿನಷ್ಟು ಗಂಟು ಎದ್ದಿತ್ತು. ಹರ್ನಿಯಾ. ನಿಂತರೆ ಹೊರಗೆ, ಮಲಗಿದರೆ ಒಳಗೆ. ನೋವಿಲ್ಲ. ಡಾಕ್ಟರು 'ಸಣ್ಣ ಆಪರೇಶನ್, ಹದಿನೈದು ದಿನ ರಜೆ ಹಾಕಿ ಮಾಡಿಸಿಬಿಡ್ರಿ' ಎಂದಿದ್ದರು.

"ಬಿಡೂಕಿಂತ ಮೊದ್ಲ ಮಾಡಿಸ್ಲೇನಲೇ? ಈಗಾದ್ರ ಬಿಲ್ ಬರ್ತೈತಿ," ಎಂದು ಕೇಳಿದ.

ಕೇಳಿದ್ದು ನನ್ನನ್ನು. ಡಾಕ್ಟರ ಮಾತು ಆಗಲೇ ಅವನ ಬಳಿ ಇತ್ತು. ಅವನಿಗೆ ಬೇಕಾಗಿದ್ದದ್ದು ಲೆಕ್ಕದ ಪಂಡಿತನ ಮಾತು. ನಾನು ಹೇಳಿದೆ: "ಬಿಲ್ ಬರ್ತೈತಿ ಖರೆ. ರಜಾ ಹೋಗ್ತೈತೆಲ್ಲೋ? ಉಳಿಸಿದ್ರ ಅದಕ್ಕೂ ರೊಕ್ಕ. ಹದಿನೈದ ದಿನದ ರಜಾ ಅಂದ್ರ ನಿನ್ನ ತೋಟದಾಗ ಐವತ್ತ ಸಸಿ."

ಅವನು ತೊಡೆ ತಟ್ಟಿ ನಕ್ಕ. "ನಮ್ಮಪ್ಪ ಕುರಿಗೆ ಬಾವು ಬಂದ್ರ ಸಂಜಿ ಆಗೂದ್ರಾಗ ಕೊಯ್ತಿದ್ದ. ನೀ ನನಗ ಮೂರ ವರ್ಷ ತಡಿ ಅಂತಿ!" ಎಂದ. ನಾನೂ ನಕ್ಕೆ. ಮೂರು ವರ್ಷ ಎಂದು ನಾನು ಹೇಳಿರಲಿಲ್ಲ. ಅದು ಅವನ ಬಾಯಿಂದಲೇ ಬಂತು.

ಬಿಟ್ಟ. ಮಗಳನ್ನು ಗುಡೂರಿಗೆ ಕೊಟ್ಟ. ಕಲಾದಗಿಯಲ್ಲಿ ಸಸಿ ಹಚ್ಚಿದ. ಒಂದು ಸಾಲಿಗೆ 'ರಜಾದ ಸಾಲು' ಎಂದು ಹೆಸರಿಟ್ಟು, ಹೋದವರಿಗೆಲ್ಲ ತೋರಿಸುತ್ತಿದ್ದ. ನಾನು ಅವನ ಮೇಲೆ ಅಂಕಣ ಬರೆದು ಹೆಸರು ಮಾಡಿಕೊಂಡೆ. ಎಲ್ಲ ಸರಿಯಾಗಿಯೇ ಇತ್ತು, ನಾಲ್ಕನೇ ಖಾನೆ ಒಂದನ್ನು ಬಿಟ್ಟು.

ಮೊದಲ ವರ್ಷ ನೀರು ಬರಲಿಲ್ಲ. ಎರಡನೇ ವರ್ಷ 'ಈ ಸಲ ಗ್ಯಾರಂಟಿ' ಎಂದರು, ಆಗಲೂ ಬರಲಿಲ್ಲ. ಗಂಟು ಮಾತ್ರ ನಿಂಬೆಹಣ್ಣಿನಿಂದ ಬದನೆಕಾಯಿಗೆ ಬಂತು. ಸೊಂಟಕ್ಕೆ ಒಂದು ಚರ್ಮದ ಪಟ್ಟಿ ಬಿಗಿದುಕೊಂಡು ಬಾವಿಯಿಂದ ಕೊಡ ಹೊರುತ್ತಿದ್ದ. ನಾನು ಸುಮ್ಮನಿರಲಿಲ್ಲ, ನಂಬಿ. "ರೊಕ್ಕ ನಾ ಕೊಡ್ತೇನಿ, ಮಾಡಿಸ್ಕೋ" ಎಂದೆ. "ನಂದ ರೊಕ್ಕ ಬರೂದೈತಿ, ನಿಂದ್ಯಾಕ?" ಎಂದ. ಸರ್ಕಾರಿ ದವಾಖಾನೆಯಲ್ಲಿ ಪುಕ್ಕಟೆ ಆಗುತ್ತಿತ್ತಲ್ಲ ಎಂದು ನೀವು ಕೇಳುತ್ತೀರಿ. ನಾನೂ ಕೇಳಿದ್ದೆ. "ಮಾಡಿಸಿದ್ರ ಮಿರಜದಾಗ. ನೀರ ಬರ್ಲಿ, ಠೀಕ್ ಮಾಡಿಸ್ತೇನಿ" ಎಂದ. ನಮ್ಮ ಕಡೆ ನೌಕರದಾರನಾದವನಿಗೆ ಹೊಟ್ಟೆ ಕೊಯ್ಯಿಸಲು ಗಡಿಯಾಚೆಯ ಮಿರಜದ ದೊಡ್ಡ ದವಾಖಾನೆಯೇ ಆಗಬೇಕು. ಇದೊಂದು ನಮ್ಮ ಹಣೆಬರಹ.

ಹೋದ ದೀಪಾವಳಿಗೆ ಅವನ ಮನೆಗೆ ಹೋಗಿದ್ದೆ. ಲಕ್ಕವ್ವ ವೈನಿ ಗೋಡೆಗೆ ಸುಣ್ಣ ಬಳಿಯುತ್ತಿದ್ದರು, ನಂಬರಿನ ಸುತ್ತ ಒಂದು ಚೌಕ ಬಿಟ್ಟು.

"ಅದನ್ನ ಮುಟ್ಟಬ್ಯಾಡ ಅಂತಾರ್ರೀ. ನಂಬರ್ ಅಳಿಸಿದ್ರ ರೊಕ್ಕ ಹೋಕ್ಕಾವಂತ," ಎಂದರು. ಒಳಗೆ ಮಾಳಿಗೆ ಸೋರಿ ದೇವರ ಜಗಲಿಯ ಮೇಲೆ ಹಸಿ ಕಲೆ ಬಿದ್ದಿತ್ತು. ಬೀರದೇವರ ಮುಂದೆ ಸೋರುವ ನೀರು ಹಿಡಿಯಲು ಒಂದು ಡಬರಿ ಇಟ್ಟಿದ್ದರು. ಆ ಮನೆಯಲ್ಲಿ ದೇವರೂ ನೀರಿಗಾಗಿ ಕಾಯುತ್ತಿದ್ದ ಎಂದು ಬರೆದರೆ ನಿಮಗೆ ನಗು ಬರಬಹುದು. ನನಗೆ ಬರುತ್ತಿಲ್ಲ.

ಮಂಗಳವಾರ ಬೆಳಿಗ್ಗೆ ಕಚೇರಿಗೆ ಫೋನು ಬಂತು. ಗುಡೂರಿನ ಅಳಿಯ. "ಮಾವಾರಿಗೆ ರಾತ್ರಿಯಿಂದ ವಾಂತ್ರಿ. ಗಂಟ ಕಲ್ಲ ಆಗೈತಿ. ಒಳಗ ಹೋಗವಲ್ದು." ಸಿಕ್ಕಿದ ಬಸ್ಸು ಹತ್ತಿ ಬಾಗಲಕೋಟೆಗೆ ಹೋದೆ. ಡಾಕ್ಟರು ನೋಡಿ, ಕರುಳು ಸಿಕ್ಕಿಕೊಂಡಿದೆ, ಇವತ್ತೇ ಕೊಯ್ಯಬೇಕು, ನಮ್ಮಲ್ಲಿ ಅಷ್ಟು ಅನುಕೂಲ ಇಲ್ಲ ಎಂದಿದ್ದರು. ಹುಬ್ಬಳ್ಳಿಗೆ ಒಯ್ಯೋಣ ಎಂದೆ. ಬೀರಪ್ಪ ಕಣ್ಣು ತೆರೆದು "ಮಿರಜ" ಎಂದ. ಬಾಡಿಗೆ ಜೀಪು ಮಾಡಿ ಹಿಂದೆ ಗಾದಿ ಹಾಸಿ ಮಲಗಿಸಿದೆವು. ವೈನಿ ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡರು. ಅಳಿಯ ಮುಂದೆ ಕೂತ, ನಾನು ಕಾಲ ಬಳಿ.

ಆ ದಾರಿ ಕಲಾದಗಿಯ ಮೇಲೆಯೇ ಹೋಗುತ್ತದೆ.

ತೋಟ ಬಂದಾಗ ಅವನಿಗೆ ಹೇಗೆ ಗೊತ್ತಾಯಿತೋ. ಜೀಪು ನಿಲ್ಲಿಸಲು ಹೇಳಿದ. ಯಾರೂ ನಿಲ್ಲಿಸಲಿಲ್ಲ. ಮೊಣಕೈ ಊರಿ ತಲೆ ಎತ್ತಿದ. "ರಜಾದ ಸಾಲ ನೋಡ್ಲೇ ಈರಣ್ಣ. ಈ ವರ್ಷ ಕಾಯಿ ಹಿಡಿತಾವ," ಎಂದ. ನಾನು ನೋಡಿದೆ. ಎದೆಯುದ್ದದ ಐವತ್ತು ಗಿಡ, ಬಿಸಿಲಲ್ಲಿ ಹಸಿರಾಗಿ ನಿಂತಿದ್ದವು. ಒಂದೊಂದನ್ನೂ ಕಿತ್ತು ಬಿಸಾಡಬೇಕು ಎನ್ನುವಷ್ಟು ಸಿಟ್ಟು ಬಂತು. ಗಿಡದ ಮೇಲಲ್ಲ ಎಂದು ನಿಮಗೆ ಗೊತ್ತಿದೆ.

ಆಮೇಲೆ ಅವನು ಕಣ್ಣು ಮುಚ್ಚಿ ಮಲಗಿದ. ಒಮ್ಮೆ ನೀರು ಕೇಳಿದ. ಕೊಡಬಾರದು ಎಂದು ಡಾಕ್ಟರು ಹೇಳಿದ್ದರು, ವೈನಿ ಸೆರಗು ಒದ್ದೆ ಮಾಡಿ ತುಟಿಗೆ ಹಚ್ಚಿದರು. ಮುಧೋಳ ಇನ್ನೂ ದೂರ ಇರುವಾಗಲೇ ಅವನ ಕಾಲು ನನ್ನ ಕೈಯಲ್ಲಿ ತಣ್ಣಗಾಯಿತು. ನಾನು ಅಂಗಾಲು ತಿಕ್ಕುತ್ತಲೇ ಇದ್ದೆ. ವೈನಿಯೇ ಹೇಳಿದರು: "ಬಿಡ್ರಿ ಈರಣ್ಣಾರ. ಗಾಡಿ ತಿರುಗಸಾಕ ಹೇಳ್ರಿ."

ಮಿರಜ ಇನ್ನೂ ಮುಕ್ಕಾಲು ದಾರಿ ಆಚೆ ಇತ್ತು.

ಮಣ್ಣು ಕೊಟ್ಟ ಮೂರನೇ ದಿನ ಮತ್ತೆ ಹೋದೆ. ಮಾಳಿಗೆಯ ಮೇಲೆ ಇಬ್ಬರು ಆಳುಗಳು ಬುಟ್ಟಿಯಿಂದ ಹೊಸ ಮಣ್ಣು ಸುರಿದು ಬಡಿದು ದಮ್ಮಸು ಮಾಡುತ್ತಿದ್ದರು. ಬಾಗಿಲ ಪಕ್ಕದ ಗೋಡೆ ಪೂರಾ ಬೆಳ್ಳಗಿತ್ತು. ನಂಬರು ಇರಲಿಲ್ಲ. ನಾನು ಅತ್ತ ನೋಡುವುದನ್ನು ವೈನಿ ಕಂಡರು.

"ನೀರ ಬರೂತನಾ ಮಳಿ ನಿಂದ್ರತೈತೇನ್ರಿ?" ಎಂದರು. ಅಷ್ಟೇ. ಈ ಮಾತನ್ನು ಮೂರು ವರ್ಷದ ಹಿಂದೆ ಚಹಾದಂಗಡಿಯಲ್ಲಿ ಯಾರಾದರೂ ಹೇಳಿದ್ದರೆ! ಆದರೆ ಅವತ್ತು ವೈನಿಯನ್ನು ಯಾರು ಕೇಳಿದ್ದರು? ಇಬ್ಬರು ಗಂಡಸರು, ಒಂದು ಟೆಂಡರ್ ಫಾರ್ಮು, ಎರಡು ಕಪ್ ಚಹಾ. ಸಂಸಾರದ ಪ್ಲಾನು ಮುಗಿದಿತ್ತು.

ಒಳಗೆ ಹೋಗಿ ಟ್ರಂಕಿನಿಂದ ಮಡಚಿದ ಒಂದು ಕಾಗದ ತಂದು ನನ್ನ ಕೈಗೆ ಕೊಟ್ಟರು. ಅದೇ ಟೆಂಡರ್ ಫಾರ್ಮು. ಬೀರಪ್ಪ ಅದಕ್ಕೆ ಅರಿಷಿಣ ಕುಂಕುಮ ಹಚ್ಚಿ ಇಟ್ಟಿದ್ದ.

"ನನಗ ಓದಾಕ ಬರೂದಿಲ್ರಿ. ಇದರಾಗ ಎಲ್ಲಾ ಬರದೈತಿ, ನೀ ಚಿಂತಿ ಮಾಡಬ್ಯಾಡ ಅಂತಿದ್ರು. ಏನ ಬರದೈತಿ, ಓದ್ರಿ."

ಓದಿದೆ. ಮಗಳ ಮದುವೆ ಓದಿದೆ. ತೋಟ ಓದಿದೆ. ಊಟ ಬಟ್ಟೆ ಓದಿದೆ. ನನ್ನದೇ ಅಕ್ಷರ ನನಗೇ ಮಂಜಾಗುತ್ತಿತ್ತು.

"ಮುಂದ?" ಎಂದರು ವೈನಿ.

ನಾಲ್ಕನೇ ಖಾನೆಯಲ್ಲಿ ದುಂಡಗಿನ ಆ ಒಂದೇ ಪದ, ಅದರ ಕೆಳಗೆ ಎರಡು ಗೆರೆ.

"ಅಷ್ಟ ಐತ್ರಿ ವೈನಿ," ಎಂದೆ. ಕಾಗದ ಮಡಚಿ ವಾಪಸು ಕೊಟ್ಟೆ. ಅವರು ಅದನ್ನು ಹಣೆಗೆ ಒತ್ತಿಕೊಂಡು ಒಳಗೆ ಒಯ್ದರು. ಹೇಡಿತನಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿದ್ದರೆ ನೀವೇ ಹುಡುಕಿಕೊಳ್ಳಿ.

ನನ್ನಿಂದ ಲೆಕ್ಕ ಬರೆಸಿಕೊಂಡವರಲ್ಲಿ ಒಂದು ಬೇಡಿಕೆ: ಹರಿದು ಹಾಕಿ. ಬೇಗ ನೌಕರಿ ಬಿಡಬೇಡಿ ಎಂದು ನಾನು ಹೇಳುತ್ತಿಲ್ಲ. ಬಿಡಿ, ತೋಟ ಮಾಡಿ, ಸುಖವಾಗಿರಿ. ಆದರೆ ಮೈಯಲ್ಲಿ ಏನಾದರೂ ಗಂಟು, ಕೆಮ್ಮು, ನೋವು ಇಟ್ಟುಕೊಂಡು ಬಿಡಬೇಡಿ. ಬಿಲ್ಲು ಬರುವ ಕಾಲದಲ್ಲೇ ಅದನ್ನು ತೀರಿಸಿಕೊಂಡು ಹೊರಡಿ. ಬರಬಹುದಾದ ಹಣವನ್ನು ಬಂದ ಹಣ ಎಂದು ಬರೆಯುವವನು ಸಿಕ್ಕರೆ, ಅವನು ಈ ಅಂಕಣ ಬರೆಯುವವನೇ ಆಗಿರಲಿ, ಚಹಾ ಕುಡಿಸಿ ಕಳಿಸಿಬಿಡಿ.

ಎರಡು ವರ್ಷದಿಂದ ನನ್ನ ಬಲಗಣ್ಣಿಗೆ ಪೊರೆ ಬಂದಿದೆ. ನಿನ್ನೆ ಅದರ ಆಪರೇಶನ್ನಿಗೆಂದು ರಜೆ ಅರ್ಜಿ ಕೊಟ್ಟೆ. ಸಾಹೇಬರು ಅರ್ಜಿಯನ್ನು ತಿರುಗಿಸಿ ಮುರುಗಿಸಿ ನೋಡಿದರು. "ಏನ್ರಿ ಈರಣ್ಣ, ನೀವು ರಜಾ? ನಿಮ್ಮ ಹೆಸರಿಗೆ ಭಾಳ ರಜಾ ಉಳದಾವ. ಸುಮ್ನ ಯಾಕ ಕಳಕೋತೀರಿ?" ಎಂದರು.

ಅಂದಹಾಗೆ, ನಿಮ್ಮ ಹೆಸರಿನಲ್ಲಿ ಎಷ್ಟು ದಿನದ ರಜೆ ಉಳಿದಿದೆ?