ಕಾಶೀನಾಥನ ತಲೆಗಾಗದ ಹಸಿರು ಟೋಪಿ

ಕೊಚ್ಚಿಯ ಕಲೂರಿನ ಆ ಫ್ಲಾಟಿನಲ್ಲಿ ಎಸಿ ಇದ್ದದ್ದು ಒಂದೇ ಕೋಣೆಗೆ. ಅದರಲ್ಲಿ ಮಲಗುತ್ತಿದ್ದದ್ದು ಟೋಪಿಗಳು. ಕಾಶೀನಾಥ ಮತ್ತು ಅವನ ಹೆಂಡತಿ ಮಂದಾಕಿನಿ ಹೊರಗಿನ ಕೋಣೆಯಲ್ಲಿ ಫ್ಯಾನಿನ ಕೆಳಗೆ ಬೆವರುತ್ತಿದ್ದರು. ಅಲ್ಲಿನ ತೇವಕ್ಕೆ ಟೋಪಿಯ ಫೆಲ್ಟ್ ಬೂಷ್ಟು ಹಿಡಿಯುತ್ತದೆ, ಸಂಸಾರ ಹಿಡಿಯುವುದಿಲ್ಲ ಎಂಬುದು ಅವನ ವಾದ.

ಹುಬ್ಬಳ್ಳಿಯವನು, ಬ್ಯಾಂಕಿನ ಅಧಿಕಾರಿ, ಮೊಟ್ಟೆ ಕೂಡ ಮುಟ್ಟದವನು. ಕೂಡಿಸಿದ್ದು ಮಾತ್ರ ಮೊಲದ ತುಪ್ಪಳದಿಂದ ಮಾಡಿದ ಹಳೆಯ ಇಟಲಿಯ ಟೋಪಿಗಳನ್ನು. ಮಂದಾಕಿನಿ ಆಕ್ಷೇಪಿಸಿದರೆ, "ಮೊಲ ಸತ್ತು ಎಂಬತ್ತು ವರ್ಷ ಆತು, ಸೂತಕ ಮುಗದದ" ಎನ್ನುತ್ತಿದ್ದ.

ಟೋಪಿಯೊಂದು ಪಾರ್ಸೆಲ್ಲಿನಲ್ಲಿ ಬಂದರೆ ಮೊದಲು ಒಳಗಿನ ಚರ್ಮದ ಬೆವರುಪಟ್ಟಿಯನ್ನು ಮಗುವಿನ ಕಿವಿಯಂತೆ ಹಗುರಾಗಿ ಮಡಚಿ ಹಿಂದೆ ಇಣುಕುತ್ತಿದ್ದ. ಅಲ್ಲಿ ಪ್ಲಾಸ್ಟಿಕ್ ಕಂಡರೆ ಎರಡನೇ ಮಹಾಯುದ್ಧದ ನಂತರದ್ದು ಎಂದು ಮುಖ ಬಾಡುತ್ತಿತ್ತು. ಅಂಟಿಸಿದ ಕಾಗದದ ಚೀಟಿ, ಹೊಲಿಗೆಯ ದಾರ, ರಿಬ್ಬನ್ನಿನ ಗಂಟು ಎಲ್ಲವೂ ಅವನಿಗೆ ಸಾಕ್ಷಿಗಳು. ತಪಾಸಣೆ ಮುಗಿಯುವವರೆಗೆ ಊಟವಿಲ್ಲ.

ನಮ್ಮ ಕನ್ನಡ ಸಂಘ ಒಮ್ಮೆ ಅವನನ್ನು ಸನ್ಮಾನಿಸಿತು. ತೊಡಿಸಿ, ಫೋಟೋ ತೆಗೆದು, ವಾಪಸು ಇಸಿದುಕೊಳ್ಳುವ ಒಂದು ಮೈಸೂರು ಪೇಟ ಸಂಘದಲ್ಲಿದೆ. ಕಾಶೀನಾಥ ವೇದಿಕೆಯ ಮೇಲೆಯೇ ಅದನ್ನು ತಿರುವಿ ಮೂಸಿದ. "ಅಧ್ಯಕ್ಷರ, ಇದರಾಗ ಮೂರು ಥರದ ಕೊಬ್ಬರಿ ಎಣ್ಣಿ ಅದಾವು. ಹೊಲಿಗಿ ನೋಡಿದ್ರ ನಿಮಗಿಂತ ಹಿಂದಿನ ಅಧ್ಯಕ್ಷರ ಕಾಲದ್ದು" ಎಂದ. ಮುಂದೆ ಯಾವ ಸಂಘವೂ ಅವನ ತಲೆಯ ತಂಟೆಗೆ ಬರಲಿಲ್ಲ.

ಇಷ್ಟೆಲ್ಲ ಟೋಪಿಗಳಲ್ಲಿ ಅವನ ತಲೆಗೆ ಆಗುವುದು ಒಂದೂ ಇರಲಿಲ್ಲ. ದಟ್ಟ ಗುಂಗುರು ಕೂದಲಿನ ದೊಡ್ಡ ತಲೆ. ಯುದ್ಧಕ್ಕೂ ಮುಂಚಿನ ಹಸಿರು ಟೋಪಿಯೊಂದು ಬರೀ ಬೆರಳಂಚಿನಷ್ಟು ಬಿಗಿಯಾಗುತ್ತಿತ್ತು. ಸಾಯುವ ಮೊದಲು ಅದನ್ನು ತೊಟ್ಟು ಒಮ್ಮೆ ಬೀದಿಯಲ್ಲಿ ನಡೆಯಬೇಕು ಎಂಬುದೊಂದೇ ಅವನ ಆಸೆ. ಕಂಡವರಿಗೆಲ್ಲ ಈ ಗೋಳು ಹೇಳುತ್ತಿದ್ದ. ಆವಿ ಕೊಟ್ಟು ಹಿಗ್ಗಿಸಲು ಸಾಧನವೂ ಅವನಲ್ಲಿತ್ತು. ಬೇರೆಯವರ ಟೋಪಿಗಳನ್ನು ಹಿಗ್ಗಿಸಿ ಕೊಡುತ್ತಿದ್ದ. ಇದನ್ನು ಮಾತ್ರ ಮುಟ್ಟ.

"ಜನ್ಮಪತ್ರಿಕಾ ತಿದ್ದಿದಂಗ ಆಗತದ" ಎಂದ.

"ಹಾಗಾದ್ರೆ ತಲೆ ಬೋಳಿಸ್ಕೊಳೋ" ಎಂದೆ.

"ಅಪ್ಪ ಹೋದಾಗ ಬೋಳಿಸಿದ್ನಿ, ಆವಾಗ ಈ ಟೋಪಿ ಇರಲಿಲ್ಲ. ಈಗ ಅವ್ವ ಗಟ್ಟಿ ಇದ್ದಾಳ. ಬೋಳು ತಲಿ ನೋಡಿದ್ರ, 'ನಾ ಸಾಯೂಕಿಂತ ಮೊದಲ ತಯಾರಿ ನಡಸೀಯೇನೋ' ಅಂತಾಳ."

"ತಿರುಪತಿಗೆ ಹೋಗಿದ್ದೆ ಅನ್ನು."

"ಟೋಪಿ ಸಲುವಾಗಿ ದೇವರ ಹೆಸರಲೆ ಸುಳ್ಳ ಹೇಳಲೇನು? ನಡಿ ನಡಿ."

ಹೋದ ವರ್ಷ ಕ್ಯಾನ್ಸರ್ ಬಂತು. ತಿರುವನಂತಪುರದ ಆಸ್ಪತ್ರೆಯಲ್ಲಿ ಕೀಮೋ ಶುರುವಾಗಿ ಕೂದಲು ಉದುರಿತು. ದಿಂಬಿನ ಮೇಲಿನ ಕೂದಲು ಬಳಿಯುತ್ತ ಮಂದಾಕಿನಿ ಅಳುತ್ತಿದ್ದರೆ, ಇವನು ಟೇಪು ತರಿಸಿ ತಲೆ ಅಳೆದು ನನಗೆ ಫೋನ್ ಮಾಡಿದ: "ಲೇ, ಇಳದದ! ಹಸಿರು ಟೋಪಿ ತಗೊಂಡು ಬಾ."

ಟೋಪಿಯ ದುಂಡು ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟು ರೈಲಿನಲ್ಲಿ ಕೂತೆ. ಎದುರಿನವನು, "ಚೇಟ್ಟಾ, ಕೇಕಾಣೋ?" ಎಂದ, ಅಣ್ಣಾ, ಒಳಗಿರುವುದು ಕೇಕಾ ಎಂದು. ಹೌದೆಂದು ತಲೆಯಾಡಿಸಿದೆ. ಕೊಲ್ಲಂ ದಾಟುವವರೆಗೂ ಅವನು ಆಸೆ ಬಿಡಲಿಲ್ಲ.

ಟೋಪಿ ತಲೆಯ ಮೇಲೆ ಸಲೀಸಾಗಿ ಕೂತಿತು. ಕಾಶೀನಾಥ ಕನ್ನಡಿ ನೋಡಲಿಲ್ಲ. ಎರಡು ಬೆರಳಿಂದ ಅಂಚನ್ನು ಸ್ವಲ್ಪ ಬಾಗಿಸಿ, "ನಡಿ" ಎಂದ. ಆಸ್ಪತ್ರೆಯ ಎದುರಿನ ಚಹಾದಂಗಡಿಯವರೆಗೆ ನನ್ನ ತೋಳು ಹಿಡಿದು ನಡೆದ. ಏಪ್ರಿಲ್ ಬಿಸಿಲು. ಅಂಗಡಿಯವನು ಗ್ಲಾಸು ಕೊಡುತ್ತ, "ಸಾರೇ, ಸಿನಿಮಾಯಾಣೋ?" ಎಂದು, ಶೂಟಿಂಗಿನ ವೇಷವೇನೋ ಎಂಬಂತೆ ಕೇಳಿದ.

"ಅಲ್ಲ, ಕೀಮೋ" ಎಂದ ಕಾಶೀನಾಥ, ಹೆಮ್ಮೆಯಿಂದ.

ಅಲ್ಲಿಂದಲೇ ಹುಬ್ಬಳ್ಳಿಗೆ ವಿಡಿಯೋ ಕಾಲ್ ಮಾಡಿದ. ಅವ್ವನಿಗೆ ಕಾಯಿಲೆಯ ಸುದ್ದಿ ಯಾರೂ ಹೇಳಿರಲಿಲ್ಲ. ಆಕೆ ಬಹಳ ಹೊತ್ತು ನೋಡಿದಳು.

"ಇದೇನೋ ವೇಷಾ? ಅಲ್ಲಿ ಥಂಡಿ ಬಿದ್ದದೇನು?"

"ಹೂಂನವಾ, ಭಾಳ ಥಂಡಿ" ಎಂದ, ಗದ್ದದಿಂದ ಬೆವರು ಇಳಿಯುತ್ತಿತ್ತು.

"ಹಂಗಾರ ತಗೀಬ್ಯಾಡ" ಎಂದಳು.

ಜೂನ್‌ನಲ್ಲಿ ಕಾಶೀನಾಥ ಹೋದ. ಕ್ರಿಯೆಗಳು ಮುಗಿದ ಮೇಲೆ ಮಂದಾಕಿನಿಯನ್ನು ಕರೆದುಕೊಂಡು ಹುಬ್ಬಳ್ಳಿಗೆ ಹೋದೆ. ಕಾಶೀನಾಥನ ಅಣ್ಣನ ಮನೆಯ ಪಡಸಾಲೆಯಲ್ಲಿ ಅವ್ವ ಗೋಡೆಗೊರಗಿ ಕೂತಿದ್ದಳು. ಮಂದಾಕಿನಿ, "ಅತ್ತಿ, ಜಡ್ಡಿನ ಸುದ್ದಿ ನಿಮಗ ಮುಚ್ಚಿಟ್ವಿ..." ಎಂದು ಬಿಕ್ಕಿದರು.

"ಏನ ಮುಚ್ಚಿಟ್ಟೀರಿ? ಪ್ರತಿ ಐತವಾರ ಫೋನ್ ಮಾಡಿ, 'ಅವ್ವಾ, ಹಸಿರು ಟೋಪಿ ತಲಿಗಿ ಆಗವಲ್ದು' ಅಂತಿದ್ದ. ಅವತ್ತ ನೋಡಿದ್ರ ಅಗದೀ ಬರೋಬ್ಬರಿ ಕೂತಿತ್ತು. ಕೂದಲಾ ಹೋಗ್ಯಾವು ಅಂತ ಅವಾಗನ ತಿಳೀತು."

"ಮತ್ತ ಯಾಕ ಕೇಳಲಿಲ್ರಿ?"

"ಮಾರಿ ನೋಡಿದ್ದಿಲ್ಲೇನ ಅವಂದು?" ಎಂದಳು ಅವ್ವ. "ಅಷ್ಟು ಖುಷಿಲೆ ಕುಂತಾವಗ ಏನಂತ ಕೇಳೂದು?"