ಮುರಿದ ಚಪ್ಪಡಿಯ ಅರ್ಜಿ
ಪುರಸಭೆಯ ಅಹವಾಲು ಗುಮಾಸ್ತರು ಬಲು ಸಾಧು ಮನುಷ್ಯರು. ತಮ್ಮ ಕುರ್ಚಿಗೇ ಬೆಂಕಿ ಬಿದ್ದರೂ ಮೊದಲು ಅರ್ಜಿ ಬರೆಸಿ, ಮೊಹರನ್ನು ಸೊಟ್ಟಗಾಗದಂತೆ ಒತ್ತಿ, ಆಮೇಲೆ ನೀರು ಹುಡುಕುವವರ ಪೈಕಿ. ಯಾರು ಬಂದರೂ ಒಂದೇ ಮಾತು: "ಅವಸರ ಯಾಕೆ? ಮುಂದಿನ ಸಭೇಲಿ ಇಡೋಣ." ಹಿಂದಿನ ಓಣಿಯ ಟೈಲರ್ ಅಜ್ಜಿ ಪ್ರತಿ ಸೋಮವಾರ ಹಾಜರು: "ಮೋರಿ ಮೇಲಿನ ಚಪ್ಪಡಿ ಮುರಿದು ವರ್ಷ ಆಯ್ತು, ಯಾರಾದ್ರೂ ಬಿದ್ದು ಸಾಯ್ತಾರಪ್ಪ." ಗುಮಾಸ್ತರು ಪ್ರೀತಿಯಿಂದ ಕೂರಿಸಿ, ಮೊಹರು ಒತ್ತಿ, ಅದೇ ಮಾತು ಹೇಳಿ ಕಳಿಸುತ್ತಾರೆ. ಈ ಸೋಮವಾರವೂ ಅಜ್ಜಿ ಬಂದಳು. ಹೊರಗೆ ಸುಡುಬಿಸಿಲು, ಅವಳ ಬಟ್ಟೆಯಿಂದ ಮಾತ್ರ ಕಪ್ಪು ನೀರು ತೊಟ್ಟಿಕ್ಕುತ್ತಿತ್ತು. ನೆನೆದ ಅರ್ಜಿಯ ಮೇಲೆ ಎಷ್ಟು ಒತ್ತಿದರೂ ಮೊಹರು ಮೂಡಲಿಲ್ಲ. ಗುಮಾಸ್ತರು ಮೊಹರಿಗೆ ಮತ್ತೆ ಮಸಿ ಹಚ್ಚಿ ಅವಸರವಸರವಾಗಿ ಒತ್ತತೊಡಗಿದರು. ಅಜ್ಜಿಯೇ ಸಮಾಧಾನ ಹೇಳಿದಳು: "ನಿಧಾನಕ್ಕೆ ಒತ್ತಪ್ಪ. ನನಗಿನ್ನು ಅವಸರ ಇಲ್ಲ."